ಒಂದೇ ಕಿವಿ ಕೇಳುವ ಚಿಕ್ಕಪ್ಪನಿಗೆ ‘ಡಾರ್ಕ್ ಸೈಡ್’ 50ನೇ ವರ್ಷದ ದೊಡ್ಡ ಪೆಟ್ಟಿಗೆ ಕೊಡಿಸಲಾ?

ಬೈತಖೋಲ_ಹುಡುಗ · ಶನಿವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ಇಲ್ಲಿ ಹಳೆ ರೆಕಾರ್ಡ್ ಬಗ್ಗೆ ತಿಳಿದವರು ಜಾಸ್ತಿ ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಚಿಕ್ಕಪ್ಪ ಸರಕು ಹಡಗಿನಲ್ಲಿ ಕೆಲಸ ಮಾಡಿದವರು. 1974ರಲ್ಲಿ ಹಡಗು ಲಿವರ್‌ಪೂಲ್‌ನಲ್ಲಿ ನಿಂತಾಗ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಲ್‌ಪಿ ಕೊಂಡರು. ಆಗ ಮನೆಯಲ್ಲಿ ಪ್ಲೇಯರೇ ಇರಲಿಲ್ಲ. ಎರಡು ವರ್ಷ ಅದು ಕಪಾಟಿನ ಮೇಲೆ ಹಾಗೇ ಇತ್ತಂತೆ. ಇನ್ನೊಂದು ರಜೆಗೆ ಬರುವಾಗ ಮುಂಬೈಯಿಂದ ಪ್ಲೇಯರ್ ಹೊತ್ತು ತಂದರು. ಮನೆಯ ಮಕ್ಕಳಿಗೆಲ್ಲ ಅದು ‘ಗಡಿಯಾರದ ಪ್ಲೇಟು’. ‘ಟೈಮ್’ ಹಾಡಿನ ಗಡಿಯಾರಗಳು ಒಟ್ಟಿಗೆ ಬಡಿದುಕೊಂಡಾಗ ಅಜ್ಜಿ ಒಳಗಿಂದಲೇ ಬೈಯುತ್ತಿದ್ದರು.

ಬರುವ ತಿಂಗಳು ಚಿಕ್ಕಪ್ಪನಿಗೆ 75 ತುಂಬುತ್ತದೆ. ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಎಡಕಿವಿ ಪೂರ್ತಿ ಹೋಗಿತ್ತು. ಬಲಕಿವಿ ಚೆನ್ನಾಗಿದೆ. ಆದರೆ ಅಂದಿನಿಂದ ಆ ಪ್ಲೇಟು ಮುಟ್ಟಿಲ್ಲ. ‘ಅರ್ಧ ಹಾಡು ಕೇಳಿ ಏನು ಮಾಡೋದು’ ಅನ್ನುತ್ತಾರೆ. ಪ್ಲೇಟಿಗೂ ಬೂಷ್ಟು ಹಿಡಿದಿದೆ.

ನಾವು ನಾಲ್ಕು ಜನ ಮಕ್ಕಳು ಸೇರಿ ಆ ಆಲ್ಬಮ್ಮಿನ 50ನೇ ವರ್ಷಕ್ಕೆ ಬಂದ ದೊಡ್ಡ ಪೆಟ್ಟಿಗೆ (ಬಾಕ್ಸ್ ಸೆಟ್) ಕೊಡಿಸೋಣ ಅಂತಿದ್ದೇವೆ. ಸುಮಾರು 25 ಸಾವಿರ. ಒಂದೇ ಕಿವಿಯಲ್ಲಿ ಕೇಳುವವರಿಗೆ ಅದರಿಂದ ಉಪಯೋಗ ಇದೆಯಾ? ‘ವಯಸ್ಸಾದವರಿಗೆ ಇದೆಲ್ಲ ಯಾಕೆ’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.

ಕರಿಈಶಾಡ · ಶನಿವಾರ, ರಾತ್ರಿ 9:31

ಕೊಡಿಸಿ. 75 ಒಂದೇ ಸಲ ತುಂಬೋದು.

ದೇವಿಮನೆ_ಘಟ್ಟ · ಶನಿವಾರ, ರಾತ್ರಿ 9:58

ತಮ್ಮಾ, ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡಿ. ಆ ಪೆಟ್ಟಿಗೆ ನನ್ನ ಹತ್ತಿರ ಇದೆ, ಶಿರಸಿಯಲ್ಲೇ. 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗಲೇ ತರಿಸಿದೆ. ಒಳಗೆ ಏನಿದೆ ಹೇಳುತ್ತೇನೆ. ಎರಡು ಎಲ್‌ಪಿ, ಎರಡು ಸಿಡಿ, ಎರಡು ಬ್ಲೂ-ರೇ, ಒಂದು ಡಿವಿಡಿ, ಎರಡು ಸಣ್ಣ ಏಳಿಂಚಿನ ಪ್ಲೇಟು. 160 ಪುಟದ ಫೋಟೋ ಪುಸ್ತಕ, ಹಾಡುಗಳ ಸ್ವರಪುಸ್ತಕ. 1973ರ ಫೆಬ್ರವರಿ 27ಕ್ಕೆ ಲಂಡನ್ ತಾರಾಲಯದಲ್ಲಿ ಪತ್ರಕರ್ತರಿಗೆ ಈ ಆಲ್ಬಮ್ ಕೇಳಿಸಿದ್ದರಲ್ಲ, ಅದರ ಆಹ್ವಾನ ಪತ್ರಿಕೆಯ ನಕಲೂ ಇದೆ.

ಈಗ ಇದರಲ್ಲಿ ಹೊಸದಾಗಿ ಕೇಳುವಂಥದ್ದು ಎಷ್ಟು? ಆಲ್ಬಮ್ಮಿನ ಹೊಸ ರೀಮಾಸ್ಟರ್, ಮತ್ತೆ ಡಾಲ್ಬಿ ಅಟ್ಮಾಸ್ ಮಿಕ್ಸ್, ಅಂದರೆ ಸುತ್ತಲಿಂದಲೂ ಮೇಲಿಂದಲೂ ಶಬ್ದ ಬರುವ ಹಾಗೆ ಜೋಡಿಸಿದ್ದು. ಆರು ಸ್ಪೀಕರಿನ 5.1 ಮಿಕ್ಸ್ 2003ರಲ್ಲೇ 30ನೇ ವರ್ಷದ ಡಿಸ್ಕಿನಲ್ಲಿ ಬಂದಿತ್ತು. 1974ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಅವರು ಕೊಟ್ಟ ಸಂಗೀತ ಕಛೇರಿ 2011ರ ಪೆಟ್ಟಿಗೆಯಲ್ಲಿ ಬಂದಿತ್ತು. ಅದಕ್ಕೆ ನಾನು ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು. ಅಷ್ಟೇ ಅಲ್ಲ. 2011ರದ್ದರಲ್ಲಿ ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ 1972ರಲ್ಲಿ ಮಾಡಿದ ಮೊದಲ ಮಿಕ್ಸ್ ಇತ್ತು, ನಾಲ್ಕು ಸ್ಪೀಕರಿನ ಕ್ವಾಡ್ ಮಿಕ್ಸ್ ಇತ್ತು. 50ನೇ ವರ್ಷದ್ದರಲ್ಲಿ ಎರಡೂ ಇಲ್ಲ. ಇದು ನನಗೆ ಇವತ್ತಿಗೂ ಬೇಜಾರು. ಐವತ್ತು ವರ್ಷದ ಹಬ್ಬಕ್ಕೆ ಕರೆದು ಹಿಂದಿನ ಹಬ್ಬಕ್ಕಿಂತ ಕಡಿಮೆ ಬಡಿಸಿದರು.

ಅಟ್ಮಾಸ್‌ಗೆ ಸುತ್ತಲೂ ಸ್ಪೀಕರ್ ಬೇಕು, ಮೇಲೂ ಬೇಕು. ನಿನ್ನ ಚಿಕ್ಕಪ್ಪನಿಗೆ ಅದರಿಂದ ಏನೂ ಸಿಗುವುದಿಲ್ಲ. 25 ಸಾವಿರ ಅಂದರೆ ಹೆಚ್ಚುಕಡಿಮೆ ಅರ್ಧ ಕ್ವಿಂಟಲ್ ಅಡಿಕೆಯ ಹಣ.

ಕರಿಈಶಾಡ · ಶನಿವಾರ, ರಾತ್ರಿ 10:06

ಘಟ್ಟದ ಅಣ್ಣ, ವೆಂಬ್ಲಿ ಕಛೇರಿ 2011ರಲ್ಲಿ ಬಂದದ್ದು ಸಿಡಿಯಲ್ಲಿ. ಎಲ್‌ಪಿಯಾಗಿ ಬಂದದ್ದು ಇದೇ ಮೊದಲು. ಅದನ್ನೂ ಹೇಳಿ.

ದೇವಿಮನೆ_ಘಟ್ಟ · ಶನಿವಾರ, ರಾತ್ರಿ 10:11

ಸರಿ, ಒಪ್ಪಿದೆ. ಆದರೆ ಹಾಡು ಅದೇ, ರಾತ್ರಿಯೂ ಅದೇ.

ಶರಾವತಿ_ಸಂಗಮ · ಶನಿವಾರ, ರಾತ್ರಿ 10:15

ರೀಮಾಸ್ಟರ್, ರೀಮಿಕ್ಸ್ ಎರಡೂ ಒಂದೇ ಅಲ್ವಾ? ಸುಮ್ನೆ ಕೇಳುತ್ತಿದ್ದೇನೆ, ನನಗೆ ಯಾವತ್ತೂ ಗೊತ್ತಾಗಿಲ್ಲ.

ಕೈಗಾ_ಕಾಲೋನಿ · ಶನಿವಾರ, ರಾತ್ರಿ 10:29

ಅಲ್ಲ ಅಕ್ಕಾ. ರೀಮಾಸ್ಟರ್ ಅಂದರೆ ಆಗಲೇ ಆದ ಸಾರನ್ನು ಬಿಸಿ ಮಾಡಿ ಉಪ್ಪು ಹುಳಿ ಸರಿ ಮಾಡುವುದು. ರೀಮಿಕ್ಸ್ ಅಂದರೆ ಅದೇ ಬೇಳೆ, ಅದೇ ಮೆಣಸು ತೆಗೆದುಕೊಂಡು ಮೊದಲಿಂದ ಕುದಿಸುವುದು. ಅಟ್ಮಾಸ್ ಮಾಡಿದ್ದು ಎರಡನೆಯ ಥರ. ಜೇಮ್ಸ್ ಗುತ್ರಿ ಅನ್ನುವವರು ಮೂಲ ಟೇಪುಗಳಿಂದ ಒಂದೊಂದು ವಾದ್ಯವನ್ನೂ ಬೇರೆ ಬೇರೆ ತೆಗೆದು ಮತ್ತೆ ಜೋಡಿಸಿದ್ದಾರೆ. 2003ರ 5.1 ಮಿಕ್ಸ್ ಕೂಡ ಅವರದ್ದೇ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಬೈತಖೋಲದವರೇ, ನಿಮ್ಮ ಚಿಕ್ಕಪ್ಪ ‘ಅರ್ಧ ಹಾಡು’ ಅಂದದ್ದು ಬರೀ ಬೇಸರದ ಮಾತಲ್ಲ. ನಿಜವಾಗಿಯೂ ಅರ್ಧವೇ ಕೇಳುತ್ತಿದೆ. ಈ ಆಲ್ಬಮ್ಮಿನಲ್ಲಿ ಶಬ್ದಗಳನ್ನು ಎಡಕ್ಕೂ ಬಲಕ್ಕೂ ಬೇಕೆಂದೇ ಹಂಚಿದ್ದಾರೆ. ‘ಆನ್ ದ ರನ್’ನಲ್ಲಿ ಓಡುವ ಹೆಜ್ಜೆ ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ದಾಟುತ್ತದೆ. ‘ಮನಿ’ ಶುರುವಾಗುವಾಗ ನಾಣ್ಯದ ಸದ್ದು ಒಂದು ಕಡೆ, ಗಲ್ಲಾಪೆಟ್ಟಿಗೆ ಸದ್ದು ಇನ್ನೊಂದು ಕಡೆ. ಹೆಡ್‌ಫೋನ್ ಹಾಕಿದರೆ ಎಡಕ್ಕೆ ಬಂದದ್ದೆಲ್ಲ ಅವರ ಮಟ್ಟಿಗೆ ಇಲ್ಲವೇ ಇಲ್ಲ.

ಇದಕ್ಕೆ ಉಪಾಯ ಮೊನೊ. ಎಡ ಬಲ ಎರಡನ್ನೂ ಕೂಡಿಸಿ ಒಂದೇ ಮಾಡುವುದು. ಫೋನಿನಲ್ಲಿ ಇದು ಉಚಿತ. ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿಯಲ್ಲಿ ‘ಮೊನೊ ಆಡಿಯೋ’ ಅಂತ ಇರುತ್ತದೆ. ಈಗಲೇ ಹಾಕಿ ಕೊಡಿ. ಪೆಟ್ಟಿಗೆಯ ವಿಚಾರ ಆಮೇಲೆ.

ಬೈತಖೋಲ_ಹುಡುಗ · ಶನಿವಾರ, ರಾತ್ರಿ 10:34

ಹತ್ತು ವರ್ಷದಿಂದ ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ಮಲಗಿದ್ದಾರೆ. ಬೆಳಿಗ್ಗೆ ಮಾಡುತ್ತೇನೆ.

ಗೋಕರ್ಣ_ಓಂ · ಶನಿವಾರ, ರಾತ್ರಿ 10:52

ಈ ಆಲ್ಬಮ್ ಹೆಸರು ನೋಡಿ ನಿದ್ದೆ ಹೋಯಿತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕುಡ್ಲೆ ಬೀಚಿನ ಒಂದು ಚಪ್ಪರದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಊರಿಗೆ ಹೋಗುವ ವಿದೇಶಿಯರು ಕ್ಯಾಸೆಟ್ ಬಿಟ್ಟು ಹೋಗುತ್ತಿದ್ದರು. ಅದರಲ್ಲಿ 90 ನಿಮಿಷದ ಒಂದು ಟಿಡಿಕೆ ಇತ್ತು. ಒಂದು ಬದಿಗೆ ಪೂರ್ತಿ ಡಾರ್ಕ್ ಸೈಡ್. ಆಲ್ಬಮ್ 43 ನಿಮಿಷ, ಬದಿ 45 ನಿಮಿಷ. ಸರಿಯಾಗಿ ಕೂರುತ್ತದೆ. ಹಾಗಾಗಿ ನನ್ನ ತಲೆಯಲ್ಲಿ ಈ ಆಲ್ಬಮ್ಮಿಗೆ ಮಧ್ಯೆ ಬಿಡುವೇ ಇಲ್ಲ. ಆ ಹೆಂಗಸಿನ ಆಲಾಪ ಮುಗಿದು ಒಂದು ಉಸಿರು, ಮರುಕ್ಷಣ ‘ಮನಿ’ಯ ನಾಣ್ಯ.

ಮೊದಲ ಸಲ ಎಲ್‌ಪಿಯಲ್ಲಿ ಕೇಳಿದಾಗ ಅಲ್ಲಿ ಪ್ಲೇಟು ತಿರುಗಿಸಬೇಕು ಅಂತ ಗೊತ್ತಾಯಿತು. ನನಗೆ ಅದು ಸರಿ ಅನ್ನಿಸಲೇ ಇಲ್ಲ.

ಕ್ಯಾಸೆಟ್ಟಿನ ಕೊನೆಯ ಎರಡು ನಿಮಿಷದಲ್ಲಿ ಯಾವುದೋ ಇಟಾಲಿಯನ್ ಹಾಡು ಅರ್ಧ ಇತ್ತು. ಆಲ್ಬಮ್ಮಿನ ಕೊನೆಯ ಎದೆಬಡಿತದ ಸದ್ದು ನಿಂತ ಮೇಲೆ ಆ ಹಾಡು ಬರದಿದ್ದರೆ ನನಗೆ ಈಗಲೂ ಆಲ್ಬಮ್ ಮುಗಿದ ಹಾಗೆ ಅನ್ನಿಸುವುದಿಲ್ಲ.

ದೇವಿಮನೆ_ಘಟ್ಟ · ಶನಿವಾರ, ರಾತ್ರಿ 11:03

ನಿನ್ನ ಇಟಾಲಿಯನ್ ಹಾಡಿಗೆ ಒಬ್ಬ ಅಣ್ಣ ಇದ್ದಾನೆ ನೋಡು. ಡಾರ್ಕ್ ಸೈಡಿನ ಕೆಲವು ಆವೃತ್ತಿಗಳಲ್ಲಿ ಕೊನೆಯ ಎದೆಬಡಿತದ ಹಿಂದೆ ಬಹಳ ಸಣ್ಣಗೆ ಬೀಟಲ್ಸ್‌ನವರ ‘ಟಿಕೆಟ್ ಟು ರೈಡ್’ ವಾದ್ಯದಲ್ಲಿ ಕೇಳಿಸುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಮಾತ್ರ.

ಆದರೆ ಬಿಡುವಿನ ವಿಚಾರದಲ್ಲಿ ನಿನ್ನ ಮಾತು ಒಪ್ಪುವುದಿಲ್ಲ. ಅವರು ಅದನ್ನು ಎರಡು ಬದಿಯ ಪ್ಲೇಟು ಅಂತಲೇ ಕಟ್ಟಿದ್ದು. ಆಲಾಪ ಮುಗಿದ ಮೇಲೆ ಎದ್ದು ಹೋಗಿ ತಿರುಗಿಸುವ ಆ ಅರ್ಧ ನಿಮಿಷ ಬೇಕು. ಅದಿಲ್ಲದೆ ನೇರ ನಾಣ್ಯಕ್ಕೆ ಬಿದ್ದರೆ ಆಲಾಪ ಹಾಳು.

ಗೋಕರ್ಣ_ಓಂ · ಶನಿವಾರ, ರಾತ್ರಿ 11:05

ನನಗೆ ಹಾಳಾಗಿಲ್ಲ ಅಣ್ಣ. ನೂರಾರು ಸಲ ಕೇಳಿದ್ದೇನೆ.

ಅಘನಾಶಿನಿ · ಭಾನುವಾರ, ಬೆಳಿಗ್ಗೆ 6:40

ಆ ‘ಹೆಂಗಸಿಗೆ’ ಒಂದು ಹೆಸರಿದೆ. ಕ್ಲೇರ್ ಟೋರಿ.

ನಾನು ಹಿಂದೂಸ್ತಾನಿ ಹಾಡುವವಳು. ರಾಕ್ ನನಗೆ ಗೊತ್ತಿಲ್ಲ. ಆದರೆ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಒಂದನ್ನು ನನ್ನ ಶಿಷ್ಯೆ ಕೇಳಿಸಿದಳು. ಅವತ್ತಿನಿಂದ ಬಿಟ್ಟಿಲ್ಲ. ಸಾಹಿತ್ಯ ಇಲ್ಲ, ಕೈಯಲ್ಲಿ ಸ್ವರ ಬರೆದ ಕಾಗದ ಇಲ್ಲ. ತಂಡದ ರಿಕ್ ರೈಟ್ ಅವರ ಪಿಯಾನೋ ಕೇಳಿಸಿ ‘ಹಾಡು’ ಅಂದರು, ಈಕೆ ಹಾಡಿದರು. ಅದು ಅಲ್ಲೇ ಹುಟ್ಟಿದ ಹಾಡುಗಾರಿಕೆ. ಕೂಲಿ 30 ಪೌಂಡ್. ಹಾಡು ಬರೆದವರು ಅಂತ ರೈಟ್ ಒಬ್ಬರದ್ದೇ ಹೆಸರು. 2004ರಲ್ಲಿ ಆಕೆ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು. ಆಮೇಲಿನ ಮುದ್ರಣಗಳಲ್ಲಿ ಅವರ ಹೆಸರೂ ಬಂತು.

ಆದ್ದರಿಂದ ಮರುಬಿಡುಗಡೆ ಅಂದರೆ ಬರೀ ದುಡ್ಡು ಮಾಡುವ ದಾರಿ ಅಂತ ನಾನು ಹೇಳುವುದಿಲ್ಲ. ತಪ್ಪಿದ ಹೆಸರು ಸರಿ ಮಾಡಲು ಅದೇ ದಾರಿ. 1973ರ ಪ್ಲೇಟಿನಲ್ಲಿ ಆ ಹೆಸರು ಆ ಜಾಗದಲ್ಲಿ ಇಲ್ಲ, ಹೊಸದರಲ್ಲಿ ಇದೆ. ನನ್ನ ಮಟ್ಟಿಗೆ ಹೊಸದೇ ಸರಿಯಾದ ಪ್ಲೇಟು.

ಕರಿಈಶಾಡ · ಭಾನುವಾರ, ಬೆಳಿಗ್ಗೆ 8:20

ಅಕ್ಕಾ, ಒಂದು ಮಾತು. ಅವರು ಸ್ಟುಡಿಯೋಗೆ ಕೂಲಿಗೆ ಹಾಡುವವರಾಗಿ ಹೋಗಿದ್ದರು. 30 ಪೌಂಡ್ ಒಪ್ಪಿಕೊಂಡೇ ಹಾಡಿದ್ದು ಅಲ್ವಾ? ಆಲ್ಬಮ್ ಇಷ್ಟು ಓಡುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅಘನಾಶಿನಿ · ಭಾನುವಾರ, ಬೆಳಿಗ್ಗೆ 8:47

ಓಡಲಿಲ್ಲ ಅಂದಿದ್ದರೂ ಹಾಡು ಅವರದ್ದೇ ತಮ್ಮಾ. ದುಡ್ಡಿಗೆ ಒಪ್ಪಿದ್ದು ಬೇರೆ. ‘ಇದನ್ನು ಕಟ್ಟಿದ್ದು ನಾನು’ ಅನ್ನುವುದು ಬೇರೆ.

ನನ್ನದೇ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಒಂದು ಭಕ್ತಿಗೀತೆ ಕ್ಯಾಸೆಟ್ಟಿಗೆ ಹಾಡಿದೆ. 200 ರೂಪಾಯಿ ಕೊಟ್ಟರು. ಎರಡು ಹಾಡಿಗೆ ರಾಗ ಹಾಕಿದ್ದೂ ನಾನೇ, ಅಲ್ಲೇ ಕೂತು. ಕ್ಯಾಸೆಟ್ ಬಂದಾಗ ಮೇಲೆ ದೇವರ ಚಿತ್ರ, ಕಂಪನಿ ಹೆಸರು, ಮುಖ್ಯ ಗಾಯಕರ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ. ಅಮ್ಮ ಆ ಕವರನ್ನು ಕಿಟಕಿ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿ ಹುಡುಕಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆ ಹಾಡು ಜಾತ್ರೆಯಲ್ಲಿ ಮೈಕಿನಲ್ಲಿ ಕೇಳಿದಾಗೆಲ್ಲ ನಾನು ಬೇರೆ ಓಣಿಗೆ ಹೋಗುತ್ತೇನೆ.

ಕರಿಈಶಾಡ · ಭಾನುವಾರ, ಬೆಳಿಗ್ಗೆ 8:53

ಕ್ಷಮಿಸಿ ಅಕ್ಕಾ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ರೂಪಕ_ಏಳು · ಭಾನುವಾರ, ಬೆಳಿಗ್ಗೆ 9:15

ಯಕ್ಷಗಾನದ ಹಳೆ ಕ್ಯಾಸೆಟ್‌ಗಳನ್ನು ನೋಡಿ. ಭಾಗವತರ ಹೆಸರು ಇರುತ್ತದೆ, ವೇಷಧಾರಿಗಳ ಹೆಸರು ಇರುತ್ತದೆ. ಎಷ್ಟೋ ಕ್ಯಾಸೆಟ್‌ಗಳಲ್ಲಿ ಮದ್ದಳೆ, ಚಂಡೆಯವರ ಹೆಸರೇ ಇಲ್ಲ. ನುಡಿಸಿದವರು ತೀರಿಕೊಂಡ ಮೇಲೆ ಇನ್ನು ಯಾರನ್ನು ಕೇಳುವುದು?

ನಾನು ತಬಲಾದವನು, ಯಲ್ಲಾಪುರ. ಹೆಸರು ನೋಡಿದರೇ ಗೊತ್ತಾಗುತ್ತದೆ. ‘ಮನಿ’ ಹಾಡಿನ ಬಗ್ಗೆ ಯಾರಾದರೂ ಹೇಳುತ್ತೀರಿ ಅಂತ ಕಾದೆ, ಯಾರೂ ಹೇಳಲಿಲ್ಲ. ಅದರ ತಾಳ ಏಳು ಮಾತ್ರೆ, ಅಂದರೆ ಸುತ್ತಿಗೆ ಏಳು ಎಣಿಕೆ! ನಾಣ್ಯ ಬೀಳುವ ಸದ್ದು, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆ ಸದ್ದು, ಇವನ್ನೆಲ್ಲ ಟೇಪಿನಲ್ಲಿ ತುಂಬಿ, ಸಮ ಅಳತೆಗೆ ಕತ್ತರಿಸಿ, ಅಂಟಿಸಿ, ಸುತ್ತು ಮಾಡಿ ತಿರುಗಿಸಿದರು. ಅದೇ ತಾಳ. ಕಂಪ್ಯೂಟರ್ ಇಲ್ಲ, ಏನಿಲ್ಲ. ಟೇಪನ್ನು ಅಳತೆಪಟ್ಟಿ ಇಟ್ಟು ಅಳೆದು ಲಯ ಕೂರಿಸಿದ್ದಾರೆ. ಇದು ಗೊತ್ತಾದ ದಿನ ನಾನು ಊಟಕ್ಕೂ ಏಳಲಿಲ್ಲ.

ಶರಾವತಿ_ಸಂಗಮ · ಭಾನುವಾರ, ಬೆಳಿಗ್ಗೆ 9:40

ಹಾಗಾದರೆ ಅದು ರೂಪಕ ತಾಳ ಅನ್ನಬಹುದಾ?

ರೂಪಕ_ಏಳು · ಭಾನುವಾರ, ಬೆಳಿಗ್ಗೆ 9:52

ಅನ್ನಬಾರದು. ಮಾತ್ರೆ ಏಳು ಅಷ್ಟೇ. ರೂಪಕದ ನಡೆ ಮೂರು-ಎರಡು-ಎರಡು, ತೀ ತೀ ನಾ, ಧೀ ನಾ, ಧೀ ನಾ. ಸಮದಲ್ಲೇ, ಅಂದರೆ ಮೊದಲ ಮಾತ್ರೆಯಲ್ಲೇ, ಒತ್ತಿಲ್ಲದ ‘ಖಾಲಿ’ ಬರುವುದು ಅದರ ವಿಶೇಷ. ‘ಮನಿ’ಯಲ್ಲಿ ಮೊದಲ ಮಾತ್ರೆಗೆ ಸರಿಯಾಗಿ ಪೆಟ್ಟು ಬೀಳುತ್ತದೆ. ಯಕ್ಷಗಾನದ ತ್ರಿವುಡೆಗೂ ಏಳೇ, ಆದರೆ ಅದರ ನಡೆಯೇ ಬೇರೆ. ಎಣಿಕೆ ಒಂದೇ ಇದ್ದ ಮಾತ್ರಕ್ಕೆ ತಾಳ ಒಂದಾಗುವುದಿಲ್ಲ.

ಇನ್ನೊಂದು ಗಮನಿಸಿ. ಗಿಟಾರ್ ಸೋಲೊ ಬಂದಾಗ ಏಳು ಬಿಟ್ಟು ನಾಲ್ಕಕ್ಕೆ ಬರುತ್ತಾರೆ. ಸೋಲೊ ಮುಗಿದು ಮತ್ತೆ ಏಳು. ಆ ತಿರುವಿನಲ್ಲಿ ಮೈ ಜುಂ ಅನ್ನುತ್ತದೆ.

ನಿರ್ವಾಹಕ · ಭಾನುವಾರ, ಬೆಳಿಗ್ಗೆ 10:05

ಯಕ್ಷಗಾನ ಕ್ಯಾಸೆಟ್‌ಗಳ ಚರ್ಚೆ ಬೇಕಾದವರು ಬೇರೆ ಎಳೆ ಶುರು ಮಾಡಿ. ಇಲ್ಲಿ ಮೂಲ ಪ್ರಶ್ನೆಗೆ ಉತ್ತರ ಕಾಯುತ್ತಿದ್ದಾರೆ.

ದೇವಿಮನೆ_ಘಟ್ಟ · ಭಾನುವಾರ, ಬೆಳಿಗ್ಗೆ 10:20

ಸರಿ. ತಮ್ಮಾ, ಒಂದು ಮುಖ್ಯ ಕೆಲಸ. ಚಿಕ್ಕಪ್ಪನ ಎಲ್‌ಪಿ ತೆಗೆದು ನಡುವಿನ ಲೇಬಲ್ ನೋಡು. ಕಪ್ಪು ಲೇಬಲ್ ಮೇಲೆ ನೀಲಿ ತ್ರಿಕೋನ ಇರಬೇಕು. ತ್ರಿಕೋನದ ಒಳಗೆಲ್ಲ ನೀಲಿ ತುಂಬಿದೆಯಾ, ಅಥವಾ ಬರೀ ಗೆರೆಯಾ? ಪೂರ್ತಿ ತುಂಬಿದ್ದರೆ ಅದು ಇಂಗ್ಲೆಂಡಿನ ಮೊದಲ ಮುದ್ರಣ. ಅದರ ಬೆಲೆ ನೀವು ಕೊಳ್ಳಬೇಕೆಂದ ಪೆಟ್ಟಿಗೆಗಿಂತ ಹೆಚ್ಚಾಗಬಹುದು. ನೋಡುವ ತನಕ ಯಾರೂ ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಬೈತಖೋಲ_ಹುಡುಗ · ಭಾನುವಾರ, ಬೆಳಿಗ್ಗೆ 11:38

ನೋಡಿದೆ ಅಣ್ಣ. ಬರೀ ಗೆರೆ. ಬೂಷ್ಟು ಎರಡೂ ಬದಿಗೆ ಇದೆ, ಅಂಚಿನಲ್ಲಿ ಜಾಸ್ತಿ. ಕವರಿನ ಒಂದು ಮೂಲೆ ಗೆದ್ದಲು ತಿಂದಿದೆ.

ದೇವಿಮನೆ_ಘಟ್ಟ · ಭಾನುವಾರ, ಬೆಳಿಗ್ಗೆ 11:44

ಹಾಗಾದರೆ ಸ್ವಲ್ಪ ನಂತರದ ಮುದ್ರಣ. ಪರವಾಗಿಲ್ಲ. ಅದು ಇಂಗ್ಲೆಂಡಿನಲ್ಲೇ ಒತ್ತಿದ್ದು, ಒಳ್ಳೆಯ ಪ್ಲೇಟು. ನನ್ನ ಮೊದಲ ಪ್ರತಿ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯದ್ದು. ಅದನ್ನೇ ಕೇಳಿ ಬೆಳೆದವನು ನಾನು.

ಶರಾವತಿ_ಸಂಗಮ · ಭಾನುವಾರ, ಮಧ್ಯಾಹ್ನ 12:10

ಬೂಷ್ಟಿಗೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯುತ್ತಿದ್ದರು, ಬಿಸಿಲಿಗೆ ಇಡುತ್ತಿದ್ದರು.

ಕೈಗಾ_ಕಾಲೋನಿ · ಭಾನುವಾರ, ಮಧ್ಯಾಹ್ನ 12:18

ಬಿಸಿಲು ಬೇಡವೇ ಬೇಡ! ಪ್ಲೇಟು ಹಪ್ಪಳದ ಹಾಗೆ ಬಾಗುತ್ತದೆ. ಸೋಪಿನ ಅಂಶ ಗೆರೆಯೊಳಗೆ ಉಳಿದರೆ ಅದೂ ಕಷ್ಟ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ನಾಲ್ಕು ಪಾಲು ನೀರಿಗೆ ಒಂದು ಪಾಲು ಸಾಕು. ಮೃದುವಾದ ಮೈಕ್ರೋಫೈಬರ್ ಬಟ್ಟೆ. ಗೆರೆ ಹೋದ ದಿಕ್ಕಿನಲ್ಲೇ ಸುತ್ತಲೂ ಒರೆಸಿ, ಅಡ್ಡ ಉಜ್ಜಬೇಡಿ. ಲೇಬಲ್ಲಿಗೆ ನೀರು ತಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಹಳೆ ಒಳಕವರ್ ಎಸೆದು ಹೊಸದು ಹಾಕಿ. ಬೂಷ್ಟಿನ ಬೀಜ ಇರುವುದೇ ಆ ಕಾಗದದಲ್ಲಿ.

ಒಂದು ಎಚ್ಚರಿಕೆ: ಅಜ್ಜನ ಕಾಲದ 78 ಆರ್‌ಪಿಎಂ ಅರಗಿನ ಪ್ಲೇಟು ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕೆ ಆಲ್ಕೋಹಾಲ್ ತಾಗಿಸಬೇಡಿ. ಕರಗಿ ಹೋಗುತ್ತದೆ.

ಗೋಕರ್ಣ_ಓಂ · ಭಾನುವಾರ, ಮಧ್ಯಾಹ್ನ 1:02

ಪ್ಲೇಯರಿಗೆ ಮೊನೊ ಮಾಡಲು ಎರಡು ಸ್ಪೀಕರಿನ ವೈರ್ ಒಟ್ಟಿಗೆ ತಿರುಚಿ ಒಂದೇ ಸ್ಪೀಕರಿಗೆ ಕೊಟ್ಟರೆ ಆಯಿತಲ್ಲ?

ಕೈಗಾ_ಕಾಲೋನಿ · ಭಾನುವಾರ, ಮಧ್ಯಾಹ್ನ 1:04

ಅಯ್ಯೋ ಮಾರಾಯ್ರೆ, ಹಾಗೆ ಮಾಡಬೇಡಿ! ಆಂಪ್ಲಿಫೈಯರ್ ಸುಟ್ಟು ಹೋಗುತ್ತದೆ. ಕೂಡಿಸುವುದಿದ್ದರೆ ಆಂಪ್ಲಿಫೈಯರಿನ ಮೊದಲೇ ಕೂಡಿಸಬೇಕು, ನಂತರ ಅಲ್ಲ. ಹಳೆ ಆಂಪ್ಲಿಫೈಯರ್ ಆಗಿದ್ದರೆ ಮುಂದೆ ‘ಮೊನೊ’ ಅಂತ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿದರೆ ಸಾಕು. ಬೈತಖೋಲದವರೇ, ನಿಮ್ಮದರಲ್ಲಿ ಇದೆಯಾ ನೋಡಿ. ಒಂದು ಸ್ಪೀಕರನ್ನು ಅವರ ಬಲಗಡೆ ಎದುರಿಗೆ ಇಡಿ.

ದೇವಿಮನೆ_ಘಟ್ಟ · ಭಾನುವಾರ, ಮಧ್ಯಾಹ್ನ 2:30

ಇಷ್ಟು ಹೊತ್ತು ಸುಮ್ಮನಿದ್ದೆ, ಆದರೆ ಹೇಳದೆ ಇರಲಾರೆ. ಈ ಆಲ್ಬಮ್ ಮೊನೊ ಮಾಡಿದರೆ ಅದು ಆ ಆಲ್ಬಮ್ ಆಗಿ ಉಳಿಯುವುದಿಲ್ಲ. ಅಲನ್ ಪಾರ್ಸನ್ಸ್ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದು ಗಡಿಯಾರವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿದ್ದು ಕ್ವಾಡ್ ಶಬ್ದ ತೋರಿಸಲು. ಸುತ್ತಲೂ ಕೇಳಿಸಲಿ ಅಂತ. ತಾರಾಲಯದ ಆ ಕಾರ್ಯಕ್ರಮಕ್ಕೆ ತಂಡದವರಲ್ಲಿ ರಿಕ್ ರೈಟ್ ಒಬ್ಬರೇ ಹೋಗಿದ್ದು, ಯಾಕೆಂದರೆ ಕ್ವಾಡ್ ಮಿಕ್ಸ್ ತಯಾರಾಗಿಲ್ಲ ಅಂತ ಉಳಿದವರಿಗೆ ಸಿಟ್ಟು. ಶಬ್ದ ಎಲ್ಲಿಂದ ಬರುತ್ತದೆ ಅನ್ನುವುದು ಅವರಿಗೆ ಅಷ್ಟು ಮುಖ್ಯವಾಗಿತ್ತು. ಅದನ್ನೆಲ್ಲ ಒಂದು ಬಿಂದುವಿಗೆ ತಂದು ಇಟ್ಟರೆ ಏನು ಉಳಿಯಿತು?

ಅಘನಾಶಿನಿ · ಭಾನುವಾರ, ಮಧ್ಯಾಹ್ನ 2:51

ರಾಗ ಉಳಿಯಿತು. ಲಯ ಉಳಿಯಿತು. ಆಲಾಪ ಉಳಿಯಿತು. ಇನ್ನೇನು ಬೇಕು? ನಮ್ಮ ಹಿರಿಯರ ಎಲ್ಲ ಹಾಡುಗಾರಿಕೆ ನಾವು ಕೇಳಿದ್ದು ಮೊನೊ ರೇಡಿಯೋದಲ್ಲಿ. ಅರ್ಧ ಕೇಳಿದೆವು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ರೂಪಕ_ಏಳು · ಭಾನುವಾರ, ಮಧ್ಯಾಹ್ನ 2:58

ಅಕ್ಕನ ಮಾತಿಗೆ ನನ್ನದೂ ಒಂದು.

ದೇವಿಮನೆ_ಘಟ್ಟ · ಭಾನುವಾರ, ಮಧ್ಯಾಹ್ನ 3:10

ರೇಡಿಯೋ ಕಛೇರಿ ಮೊನೊದಲ್ಲೇ ಹುಟ್ಟಿದ್ದು ಅಕ್ಕಾ. ಇದು ಹಾಗಲ್ಲ. ನಾನು ಕೇಳಬಾರದು ಅನ್ನುತ್ತಿಲ್ಲ. ಬೇರೆಯೇ ಒಂದು ಕೇಳುತ್ತಿದ್ದಾರೆ ಅಂತ ತಿಳಿದು ಕೇಳಲಿ ಅನ್ನುತ್ತೇನೆ.

ಕರಿಈಶಾಡ · ಭಾನುವಾರ, ಮಧ್ಯಾಹ್ನ 3:22

ನಾನು ಇಡೀ ಆಲ್ಬಮ್ ಕೇಳಿದ್ದೇ ಫೋನಿನ ಸಣ್ಣ ಸ್ಪೀಕರಿನಲ್ಲಿ, ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಕೂತು. ಆದರೂ ಅತ್ತಿದ್ದೇನೆ.

ಬೈತಖೋಲ_ಹುಡುಗ · ಗುರುವಾರ, ರಾತ್ರಿ 10:45

ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಏನಾಯಿತು ಅಂತ ಪೂರ್ತಿ ಹೇಳುತ್ತೇನೆ.

ಭಾನುವಾರವೇ ಫೋನಿನಲ್ಲಿ ಮೊನೊ ಹಾಕಿ ಕೊಟ್ಟೆ. ಚಿಕ್ಕಪ್ಪ ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದರು. ‘ಪ್ಲೇಟು ಎಲ್ಲಿದೆ?’ ಅಂದರು. ನಾನು ಬೂಷ್ಟಿನ ವಿಷಯ ಹೇಳಿದೆ. ಕೈಗಾದವರು ಹೇಳಿದ ಹಾಗೆ ಸೋಮವಾರ ಇಬ್ಬರೂ ಕೂತು ಒರೆಸಿದೆವು. ನಾನು ಹಿಡಿದುಕೊಂಡೆ, ಒರೆಸಿದ್ದು ಅವರೇ. ಬಟ್ಟೆ ಕಪ್ಪಾಗಿ ಹೋಯಿತು. ಮಂಗಳವಾರ ಪ್ಲೇಯರಿನ ಬೆಲ್ಟ್ ತುಂಡಾಗಿದ್ದು ಗೊತ್ತಾಗಿ ಮಡಗಾಂವ್‌ಗೆ ಹೋಗಿ ತಂದೆ. ಸೂಜಿಯೂ ಹೊಸದು. ಆಂಪ್ಲಿಫೈಯರಿನಲ್ಲಿ ಮೊನೊ ಗುಂಡಿ ಇತ್ತು! ಐವತ್ತು ವರ್ಷದಿಂದ ಅಲ್ಲೇ ಇತ್ತು. ಧೂಳು ಕೂತು ಒಳಗೆ ಹೋಗುತ್ತಿರಲಿಲ್ಲ, ಸ್ವಲ್ಪ ಎಣ್ಣೆ ಬಿಟ್ಟೆ.

ನಿನ್ನೆ ಸಂಜೆ ಹಾಕಿದೆವು. ಚರಚರ ಅನ್ನುತ್ತದೆ, ಎರಡು ಕಡೆ ಹಾರುತ್ತದೆ. ಆದರೂ ಹಾಡುತ್ತದೆ.

‘ಆನ್ ದ ರನ್’ ಬಂತು. ಆ ಓಡುವ ಹೆಜ್ಜೆ ಬಂದಾಗ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಬೆರಳು ಎತ್ತಿದರು. ಹೆಜ್ಜೆ ಓಡಿದ ಹಾಗೆ ಬೆರಳು ಗಾಳಿಯಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನಿಧಾನ ಹೋಯಿತು. ಶಬ್ದ ಬರುತ್ತಿದ್ದದ್ದು ಒಂದೇ ಸ್ಪೀಕರಿನಿಂದ. ಘಟ್ಟದ ಅಣ್ಣ, ನೀವು ಕೇಳಿದ್ದಿರಲ್ಲ ಏನು ಉಳಿಯಿತು ಅಂತ. ನನಗೆ ನಿಮ್ಮ ನೆನಪೇ ಆಯಿತು.

ಮೊದಲ ಬದಿ ಮುಗಿಯಿತು. ತಿರುಗಿಸಲು ನಾನು ಎದ್ದರೆ ‘ಕೂತುಕೋ, ಸ್ವಲ್ಪ ಹೊತ್ತು’ ಅಂದರು. ಗೋಕರ್ಣದ ಅಣ್ಣ ಬೇಜಾರು ಮಾಡಿಕೊಳ್ಳಬಾರದು.

ಎಲ್ಲ ಮುಗಿದ ಮೇಲೆ ಪೆಟ್ಟಿಗೆಯ ಫೋಟೋ ತೋರಿಸಿ ‘ಇದು ಕೊಡಿಸೋಣ ಅಂತಿದ್ದೇವೆ’ ಅಂದೆ. ಒಂದೊಂದೇ ಫೋಟೋ ನೋಡಿದರು. ಆಮೇಲೆ ಕೇಳಿದ್ದು ಒಂದೇ: ‘ಇದರಲ್ಲಿ ಪಿರಮಿಡ್ ಪೋಸ್ಟರ್ ಇದೆಯಾ?’ ಅವರ ಎಲ್‌ಪಿ ಜೊತೆ ಬಂದಿದ್ದ ಪೋಸ್ಟರ್ ಹಳೆ ಮನೆಯ ಗೋಡೆಗೆ ಅಂಟಿಸಿದ್ದರಂತೆ. ಮನೆ ಕೆಡವಿದಾಗ ಗೋಡೆಯ ಜೊತೆಗೇ ಹೋಯಿತಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ದೇವಿಮನೆ_ಘಟ್ಟ · ಗುರುವಾರ, ರಾತ್ರಿ 11:20

ತಮ್ಮಾ, ಆ ಬೆರಳಿನ ವಿಷಯ ಓದಿ ನಾನು ಅಂಗಳಕ್ಕೆ ಹೋಗಿ ನಿಂತು ಬಂದೆ. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ಪೋಸ್ಟರಿಗೆ ದೊಡ್ಡ ಪೆಟ್ಟಿಗೆ ಬೇಡ. 2016ರಲ್ಲಿ ಬಂದ ಸಾದಾ ಎಲ್‌ಪಿ ಮರುಮುದ್ರಣದಲ್ಲೇ ಎರಡು ಪೋಸ್ಟರ್, ಎರಡು ಸ್ಟಿಕ್ಕರ್ ಇವೆ, ಹಳೆಯದರಲ್ಲಿ ಇದ್ದ ಹಾಗೇ. ಪೆಟ್ಟಿಗೆಯ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಹಾರದ ಪ್ಲೇಟೂ ಸಿಕ್ಕಿತು, ಪೋಸ್ಟರೂ ಸಿಕ್ಕಿತು, ಅಕ್ಕ ಹೇಳಿದ ಹೆಸರೂ ಅದರಲ್ಲಿ ಇದೆ. ಕೊಳ್ಳುವಾಗ ಒಳಗೆ ಪೋಸ್ಟರ್ ಇದೆಯಾ ಅಂತ ಕೇಳಿಯೇ ದುಡ್ಡು ಕೊಡು.

ಆ ಫೋಟೋ ಪುಸ್ತಕ ಚಿಕ್ಕಪ್ಪನಿಗೆ ನೋಡಬೇಕು ಅನ್ನಿಸಿದರೆ ನನ್ನದನ್ನು ತರುತ್ತೇನೆ. ಘಟ್ಟ ಇಳಿದರೆ ಕುಮಟಾ, ಅಲ್ಲಿಂದ ಕಾರವಾರ ಎಷ್ಟು ಹೊತ್ತು? ಮಳೆ ಸ್ವಲ್ಪ ಬಿಡಲಿ.

ಕರಿಈಶಾಡ · ಗುರುವಾರ, ರಾತ್ರಿ 11:26

ಅಣ್ಣ, ಅಂಕೋಲಾದಲ್ಲಿ ನನ್ನನ್ನೂ ಹತ್ತಿಸಿಕೊಳ್ಳಿ. ಎಲ್‌ಪಿಯಲ್ಲಿ ನಾನು ಯಾವತ್ತೂ ಕೇಳಿಲ್ಲ.

ಅಘನಾಶಿನಿ · ಶುಕ್ರವಾರ, ಬೆಳಿಗ್ಗೆ 6:15

ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಕಪಾಟು ಮಾಡಿಸಿ. ಮಳೆಗಾಲಕ್ಕೆ ಒಳಗೆ ಒಂದು ಸಣ್ಣ ಬಲ್ಬು ಉರಿಸಿಡಿ, ತೇವ ನಿಲ್ಲುವುದಿಲ್ಲ. ತಂಬೂರಿಗೆ ನಾನು ಹಾಗೇ ಮಾಡುತ್ತೇನೆ.

ಕೈಗಾ_ಕಾಲೋನಿ · ಶುಕ್ರವಾರ, ಬೆಳಿಗ್ಗೆ 7:02

ಬಲ್ಬು ಪ್ಲೇಟುಗಳಿಗೆ ತೀರಾ ಹತ್ತಿರ ಬೇಡ, ಬಾಗುತ್ತವೆ. ಸಿಲಿಕಾ ಜೆಲ್ ಚೀಲ ಇಡಿ, ತಿಂಗಳಿಗೊಮ್ಮೆ ಬದಲಿಸಿ. ಪ್ಲೇಟು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಪೋಸ್ಟರಿಗೆ ಗಾಜು ಹಾಕಿಸುವಾಗ ಗೋಡೆಗೂ ಚೌಕಟ್ಟಿಗೂ ಮಧ್ಯೆ ಒಂದು ಬೆರಳಷ್ಟು ಜಾಗ ಇರಲಿ, ಇಲ್ಲದಿದ್ದರೆ ಗೋಡೆಯ ನೀರು ಎಳೆಯುತ್ತದೆ.

ಬೈತಖೋಲ_ಹುಡುಗ · ಶುಕ್ರವಾರ, ಬೆಳಿಗ್ಗೆ 7:30

ಎಲ್ಲರಿಗೂ ತುಂಬಾ ಧನ್ಯವಾದ. ಎಲ್‌ಪಿಗೆ ಹೇಳಿ ಆಯಿತು, ಪೋಸ್ಟರ್ ಇದೆ ಅಂತ ಖಚಿತ ಮಾಡಿಕೊಂಡೆ. ಘಟ್ಟದ ಅಣ್ಣ, ಭಾನುವಾರ ಬನ್ನಿ. ಬಂಗುಡೆ ತಿನ್ನದಿದ್ದರೆ ಮೊದಲೇ ಹೇಳಿ, ಚಿಕ್ಕಮ್ಮ ಕೇಳುತ್ತಿದ್ದಾರೆ.